ವಾಚ್ ತೋರಿಸಿದ 340 ಕ್ಯಾಲೊರಿ: ತಿನ್ನಬೇಕಾ, ಬಿಡಬೇಕಾ?

ಉಪ್ಪಿನಂಗಡಿ ಪೇಟೆ ದಾಟಿ ಸಹಸ್ರಲಿಂಗೇಶ್ವರ ದೇವಸ್ಥಾನದ ಹತ್ತಿರ ನೇತ್ರಾವತಿ, ಕುಮಾರಧಾರೆ ಸೇರುವಲ್ಲಿಗೆ ಹೋಗಿ ವಾಪಸ್ ಬಂದರೆ ನನಗೆ ಸರಿಯಾಗಿ ಒಂದು ಗಂಟೆಯ ಬಿರುಸು ನಡಿಗೆ. ಮೊನ್ನೆ ಬಂದು ನೋಡಿದರೆ ಕೈಯ ವಾಚ್ 340 ಕ್ಯಾಲೊರಿ ಖರ್ಚಾಗಿದೆ ಅಂತಿತ್ತು. ಫೋನಿನ ಆ್ಯಪ್ ಅದನ್ನು ನನ್ನ ದಿನದ ಖಾತೆಗೆ ಜಮಾ ಮಾಡಿ, ಇನ್ನೂ 340 ತಿನ್ನಲು ಅವಕಾಶ ಇದೆ ಎಂದಿತು. ಜಗಲಿಯಲ್ಲಿ ನಮ್ಮ ತೋಟದ ಅಡಿಕೆಗೆ ಮದ್ದು ಬಿಡಲು ಬಂದಿದ್ದ ಅಣ್ಣನಿಗೆ ಅಮ್ಮ ಗಂಜಿ ಬಡಿಸುತ್ತಿದ್ದರು. ನಾನು ಫೋನ್ ನೋಡುತ್ತಾ ಲೆಕ್ಕ ಹಾಕುವುದು ಕಂಡು ಅವರು ಕೇಳಿದರು: "ಎಂತ ಅಕ್ಕ, ನಡೆದದ್ದಕ್ಕೂ ಲೆಕ್ಕ ಉಂಟಾ?"

ಉಂಟು. ಆದರೆ ಆ ಲೆಕ್ಕ ಎಷ್ಟು ಸರಿ?

ವಾಚಿಗೆ ಗೊತ್ತಿರುವುದು ಕೈಯ ಅಲುಗಾಟ, ಎದೆಬಡಿತ, ಮತ್ತೆ ನಾನೇ ತುಂಬಿಸಿದ ವಯಸ್ಸು, ಎತ್ತರ, ತೂಕ. ಉಳಿದದ್ದೆಲ್ಲ ಅಂದಾಜು. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 60 ಜನರಿಗೆ ಏಳು ಬಗೆಯ ಕೈಪಟ್ಟಿಗಳನ್ನು ಕಟ್ಟಿ ಪರೀಕ್ಷಿಸಿದರು. ಎದೆಬಡಿತದ ಲೆಕ್ಕ ಬಹುಮಟ್ಟಿಗೆ ಸರಿಯಿತ್ತು. ಕ್ಯಾಲೊರಿಯಲ್ಲಿ ಮಾತ್ರ, ಇದ್ದುದರಲ್ಲಿ ಒಳ್ಳೆಯ ಸಾಧನವೇ ಸರಾಸರಿ ಶೇ 27ರಷ್ಟು ತಪ್ಪಿತ್ತು. ತೀರಾ ಕಳಪೆಯದ್ದು ಶೇ 93.

ವಾಚ್ ಬಿಟ್ಟು ಕೈಲೆಕ್ಕವನ್ನೇ ಹಾಕೋಣ. ನನ್ನ ತೂಕ 60 ಕೆಜಿ. ಸುಮ್ಮನೆ ಕೂತಿದ್ದರೂ ದೇಹ ಗಂಟೆಗೆ ಕೆಜಿಗೊಂದರಂತೆ ಸುಮಾರು 60 ಕ್ಯಾಲೊರಿ ಸುಡುತ್ತದೆ. ಬಿರುಸಾಗಿ ನಡೆದರೆ ಅದರ ನಾಲ್ಕು ಪಟ್ಟು, ಅಂದರೆ 240. ಆದರೆ ಇದರಲ್ಲಿ ಮೊದಲ 60 ನಾನು ಮಲಗಿ ರೀಲ್ಸ್ ನೋಡಿದ್ದರೂ ಹೋಗುತ್ತಿತ್ತು, ಅದು ದಿನದ ಮಿತಿಯಲ್ಲಿ ಈಗಾಗಲೇ ಸೇರಿದೆ. ನಡಿಗೆಯಿಂದ ಹೆಚ್ಚುವರಿ ಹೋದದ್ದು 180. ಅಕ್ಕಿಯಲ್ಲಿ ಹೇಳುವುದಾದರೆ ಸುಮಾರು 50 ಗ್ರಾಂ. ವಾಚ್ ಹೇಳಿದ 340ನ್ನೂ ತಿಂದರೆ ನಡೆದು ಬಂದ ದಿನವೇ ನಾನು 160 ಹೆಚ್ಚು ತಿಂದಿರುತ್ತೇನೆ.

ಇನ್ನೊಂದು ಮೋಸ ಆ್ಯಪ್ ಹಾಕಿಕೊಳ್ಳುವಾಗಲೇ ಆಗುತ್ತದೆ. 'ನಿಮ್ಮ ಚಟುವಟಿಕೆ ಎಷ್ಟು' ಅಂತ ಕೇಳಿದಾಗ ನಾವೆಲ್ಲ ಸ್ವಲ್ಪ ಧಾರಾಳವಾಗಿ 'ಮಧ್ಯಮ' ಒತ್ತುತ್ತೇವೆ. ಆಗ ದಿನನಿತ್ಯದ ನಡಿಗೆ ಮಿತಿಯೊಳಗೇ ಸೇರಿಹೋಯಿತು. ಆಮೇಲೆ ವಾಚಿನ ಲೆಕ್ಕವನ್ನೂ ಕೂಡಿಸಿದರೆ ಒಂದೇ ಕೆಲಸಕ್ಕೆ ಎರಡು ಬಿಲ್. (ಪಂಚಾಯತ್ ಕಾಮಗಾರಿಗಳನ್ನು ನೋಡಿದವರಿಗೆ ಈ ವಿದ್ಯೆ ಹೊಸದಲ್ಲ.)

ಹಾಗಾದರೆ ತಿನ್ನುವುದೇ ಬೇಡವಾ? ಇಲ್ಲೇ ನಾನು ಎಡವಿದ್ದು. ಬೆಂಗಳೂರಿನಲ್ಲಿದ್ದಾಗ 10 ಕಿಲೋಮೀಟರ್ ಓಟಕ್ಕೆ ತಯಾರಿ ನಡೆಸಿದ್ದೆ. ಆಗ ಬಳಸುತ್ತಿದ್ದ ಆ್ಯಪ್ ಕೊಟ್ಟ ಮಿತಿ ದಿನಕ್ಕೆ 1200. ಓಡಿದ್ದನ್ನು ತಿನ್ನದೆ ಉಳಿಸಿದರೆ ಬೇಗ ಇಳಿಯುತ್ತೇನೆ ಅಂತ ನನ್ನ ತರ್ಕ. ಓಟಕ್ಕೆ ಕಿಲೋಮೀಟರಿಗೆ ಕೆಜಿಗೊಂದು ಕ್ಯಾಲೊರಿ ಅಂತ ಒರಟು ಲೆಕ್ಕ. 10 ಕಿಲೋಮೀಟರ್ ಓಡಿದ ದಿನ 600 ಅಲ್ಲೇ ಹೋಯಿತು. ಹೃದಯ, ಮಿದುಳು, ಮೂಳೆ, ಹಾರ್ಮೋನು, ಎಂಟು ಗಂಟೆಯ ಆಫೀಸು, ಎಲ್ಲಕ್ಕೂ ಸೇರಿ ಉಳಿದದ್ದು 600. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ, ಕೂತು ಕೆಲಸ ಮಾಡುವ 55 ಕೆಜಿಯ ಹೆಂಗಸಿಗೇ ದಿನಕ್ಕೆ 1660 ಇದೆ.

ಮೊದಲು ಕೂದಲು ಉದುರಿತು. ಆಮೇಲೆ ಮೂರು ತಿಂಗಳು ಮುಟ್ಟು ನಿಂತಿತು. ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ತಿಂತಿದ್ದೀಯಮ್ಮ?" ಶ್ರಮಕ್ಕೆ ತಕ್ಕ ಆಹಾರ ಸಿಗದಾಗ ದೇಹ ತನ್ನ ಇತರ ಖರ್ಚುಗಳಿಗೆ ಕತ್ತರಿ ಹಾಕುತ್ತದೆ. ಸಂತಾನಕ್ಕೆ, ಮೂಳೆಗೆ, ರೋಗನಿರೋಧಕ ಶಕ್ತಿಗೆ ಕಡಿತ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ 'ರೆಡ್-ಎಸ್' ಅಂತ ಹೆಸರಿಟ್ಟಿತು. ಗಂಡಸರಿಗೂ ಆಗುತ್ತದೆ, ಮುಟ್ಟಿನಂಥ ಸೂಚನೆ ಇಲ್ಲದ ಕಾರಣ ಗೊತ್ತಾಗುವುದು ತಡ.

ಈಗ ನನ್ನ ಪದ್ಧತಿ ಇಷ್ಟೇ. ಒಂದು ಗಂಟೆಯ ನಡಿಗೆಗೆ ಲೆಕ್ಕ ಇಡುವುದಿಲ್ಲ, ಹಸಿವಾದರೆ ತಿನ್ನುತ್ತೇನೆ. ಉದ್ದ ಓಟದ ದಿನ ವಾಚ್ ತೋರಿಸಿದ್ದರಲ್ಲಿ ಅರ್ಧದಷ್ಟಾದರೂ ವಾಪಸ್ ತಿನ್ನುತ್ತೇನೆ. ಮೂರು ನಾಲ್ಕು ವಾರದ ತೂಕ, ನಿದ್ದೆ, ಮುಟ್ಟು ನೋಡಿ ಅದನ್ನು ಹೆಚ್ಚುಕಡಿಮೆ ಮಾಡುತ್ತೇನೆ. ಒಂದೇ ದಿನದ ತೂಕ ನೋಡಿ ತಲೆಕೆಡಿಸಿಕೊಳ್ಳುವುದು ಬಿಟ್ಟಿದ್ದೇನೆ. ಅಂಕಿ ನೋಡಿದರೆ ತುತ್ತು ಇಳಿಯದವರು ವಾಚ್ ಬಿಚ್ಚಿಡುವುದೇ ಒಳ್ಳೆಯದು.

ಇನ್ನು ಜಗಲಿಯ ಅಣ್ಣನ ಲೆಕ್ಕ. ನನ್ನ ಆ್ಯಪಿನಲ್ಲಿ ಬಂಡೆ ಹತ್ತುವ ಕ್ರೀಡೆ ಉಂಟು, ಅಡಿಕೆ ಮರ ಹತ್ತುವುದು ಇಲ್ಲ. ಈಗೀಗ ಫೈಬರ್ ದೋಟಿ ಬಂದು ನೆಲದಿಂದಲೇ ಮದ್ದು ಬಿಡುವವರೂ ಇದ್ದಾರೆ, ಆದರೆ ಇವರು ಈಗಲೂ ಮರ ಹತ್ತುವವರು. ಅದೇ 2020ರ ಪಟ್ಟಿಯ ಪ್ರಕಾರ 65 ಕೆಜಿಯ ಗಂಡಸಿಗೆ ಕೂತು ಮಾಡುವ ಕೆಲಸವಾದರೆ 2110, ಭಾರೀ ಕೆಲಸವಾದರೆ 3470 ಕ್ಯಾಲೊರಿ ಬೇಕು. ನಡುವಿನ 1360ನ್ನು ಅವರು ವಾಪಸ್ ತಿನ್ನಲೇಬೇಕು, ಇಲ್ಲದಿದ್ದರೆ ನಾಳೆ ಮರ ಹತ್ತಲು ಆಗುವುದಿಲ್ಲ.

ಇದೇ ಪ್ರಶ್ನೆಯನ್ನು ಸರ್ಕಾರಗಳೂ ಕೇಳಿಕೊಂಡಿವೆ, ಉತ್ತರವನ್ನೂ ಬರೆದಿವೆ. 1877ರ ಧಾತು-ಈಶ್ವರ ಬರಗಾಲದಲ್ಲಿ ಬಳ್ಳಾರಿ ಸೇರಿದಂತೆ ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ, ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಇಡೀ ದಿನ ದುಡಿಯುವ ಗಂಡಸಿನ ಕೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದ. 450 ಗ್ರಾಂ ಧಾನ್ಯ ಅಂದರೆ ಸುಮಾರು 1600 ಕ್ಯಾಲೊರಿ. ಅಲ್ಲಿಯ ಆರೋಗ್ಯಾಧಿಕಾರಿ ಕಾರ್ನಿಶ್, ಇಷ್ಟರಲ್ಲಿ ದುಡಿಯುವ ದೇಹ ಉಳಿಯದು ಎಂದು ವಾದಿಸಿದ. ಕೆಲವೇ ತಿಂಗಳಲ್ಲಿ ಕೂಲಿ ಏರಿಸಬೇಕಾಯಿತು. ಸ್ವತಂತ್ರ ಭಾರತದಲ್ಲಿ, 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಬಡತನ ರೇಖೆಗೆ ಹಳ್ಳಿಯಲ್ಲಿ 2400, ಪಟ್ಟಣದಲ್ಲಿ 2100 ಕ್ಯಾಲೊರಿಯ ಆಧಾರ ಇಟ್ಟಿತು. ಹಳ್ಳಿಗೆ 300 ಹೆಚ್ಚು ಯಾಕೆಂದರೆ ಅಲ್ಲಿ ಮೈಮುರಿಯುವ ಕೆಲಸ ಜಾಸ್ತಿ. 2009ರಲ್ಲಿ ತೆಂಡೂಲ್ಕರ್ ಸಮಿತಿ ಕ್ಯಾಲೊರಿಯ ಆಧಾರವನ್ನೇ ಕೈಬಿಟ್ಟಿತು. 2014ರಲ್ಲಿ ರಂಗರಾಜನ್ ಸಮಿತಿ ಮತ್ತೆ ತಂದಾಗ ಹಳ್ಳಿಯ ಅಂಕಿ 2155, ಪಟ್ಟಣದ್ದು 2090. ಶ್ರಮಕ್ಕೆಂದು ಇಟ್ಟಿದ್ದ 300ರಲ್ಲಿ ಉಳಿದದ್ದು 65.

ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ. ದಿನಕ್ಕೆ 167 ಗ್ರಾಂ, ಹೆಚ್ಚೆಂದರೆ 600 ಕ್ಯಾಲೊರಿ. ಮರ ಹತ್ತುವವನಿಗೂ ಅಷ್ಟೇ, ಕುರ್ಚಿಯಲ್ಲಿ ಕೂರುವವನಿಗೂ ಅಷ್ಟೇ. ರಾಜ್ಯ ಸರ್ಕಾರ ಅನ್ನಭಾಗ್ಯದಲ್ಲಿ ಹೆಚ್ಚುವರಿ 5 ಕೆಜಿ ಕೊಡುತ್ತೇನೆಂದಿತ್ತು. 2023ರಲ್ಲಿ ಅಕ್ಕಿ ಸಿಗದೆ ಕೆಜಿಗೆ 34 ರೂಪಾಯಿಯಂತೆ ದುಡ್ಡು ಹಾಕಿದಾಗ "ಬಿಟ್ಟಿ ಅಕ್ಕಿ ತಿಂದು ಜನ ಸೋಮಾರಿಗಳಾದರು" ಎಂಬ ಮಾತು ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲೂ ಓಡಾಡಿತು. ಕಳಿಸಿದವರಲ್ಲಿ ಕೆಲವರ ಕೈಯಲ್ಲಿ ನನ್ನಂಥದ್ದೇ ವಾಚ್ ಉಂಟು.

ಕ್ಯಾಲೊರಿಯಲ್ಲಿ ಎಲ್ಲ ದುಡಿಮೆಯೂ ಸಿಕ್ಕಿಬೀಳುತ್ತದೆ ಅಂತಲೂ ಅಲ್ಲ. ನಮ್ಮ ಕಡೆ ಮನೆಮನೆಯಲ್ಲಿ ಹೆಂಗಸರು ದಿನವಿಡೀ ಕೂತು ಬೀಡಿ ಕಟ್ಟುತ್ತಾರೆ. ಪಟ್ಟಿಯ ಪ್ರಕಾರ ಅದು 'ಕೂತು ಮಾಡುವ ಕೆಲಸ'. ಸಂಜೆಗೆ ಬೆನ್ನು, ಕುತ್ತಿಗೆ ಏನಾಗಿರುತ್ತದೆ ಅನ್ನುವುದು ಯಾವ ವಾಚಿನಲ್ಲೂ ಬರುವುದಿಲ್ಲ.

ಅಷ್ಟರಲ್ಲಿ ಅಣ್ಣ ಬಟ್ಟಲು ಮುಂದೆ ಚಾಚಿದರು. ಅಮ್ಮ ಇನ್ನೊಂದು ಸೌಟು ಗಂಜಿ ಹಾಕಿ, ಉಪ್ಪಿನಕಾಯಿ ಬಡಿಸಿ, ನನ್ನ ಕಡೆ ತಿರುಗಿ ಕೇಳಿದರು: "ನಿಂಗೆ ಎಷ್ಟು ಹಾಕ್ಲಿ?"

"ಅರ್ಧ ಸೌಟು" ಅಂದೆ.