ಬೆಳಕಿಂಡಿಯ ಹೊಗೆ

ಸುರಪುರ ತಾಲ್ಲೂಕಿನ ದೇವಾಪುರದ ಸೀಮೆಯಲ್ಲಿ ಹಳೆಯ ಮಾಳಿಗೆಮನೆಗಳನ್ನು ಕಂಡವರಿಗೆ ಬೆಳಕಿಂಡಿಯ ಪರಿಚಯ ಇದ್ದೇ ಇರುತ್ತದೆ. ಮಣ್ಣಿನ ಮಾಳಿಗೆಯಲ್ಲಿ ಗೇಣಗಲದ ಒಂದು ಕಿಂಡಿ. ಒಲೆಯ ಹೊಗೆ ಅದರ ಮೂಲಕ ಹೊರಗೆ ಹೋಗುತ್ತದೆ. ಬಿಸಿಲು ಅದೇ ದಾರಿಯಲ್ಲಿ ಒಳಗಿಳಿಯುತ್ತದೆ. ಒಲೆ ಉರಿಯುತ್ತಿರುವಷ್ಟು ಹೊತ್ತು ಆ ಬಿಸಿಲು ಕೋಲಿನಂತೆ ಓರೆಯಾಗಿ ನಿಂತಿರುತ್ತದೆ. ಒಲೆ ಆರಿ ಗಾಳಿ ತಿಳಿಯಾಯಿತೆಂದರೆ ಕೋಲು ಮಾಯ. ನೆಲದ ಮೇಲೆ ಬೆಳಕಿನ ಬಿಲ್ಲೆಯೊಂದೇ ಉಳಿಯುತ್ತದೆ. ಹೊಗೆಯ ಛಾಯಾಚಿತ್ರದ ಮರ್ಮವೆಲ್ಲ ಈ ನೋಟದಲ್ಲಿದೆ.

ಬೆಳಕು ನಮ್ಮೆದುರು ಅಡ್ಡಹಾಯ್ದು ಹೋದರೆ ಕಣ್ಣಿಗೆ ಕಾಣದು; ಅದನ್ನು ಕಣ್ಣಿನತ್ತ ಚೆದುರಿಸುವ ಕಣಗಳು ನಡುವೆ ಇರಬೇಕು. ಹೊಗೆಯ ಕಣಗಳು ಬಹುಪಾಲು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಸಣ್ಣವು. ಅವು ನೀಲಿ ಬೆಳಕನ್ನು ಹೆಚ್ಚಾಗಿ ಚೆದುರಿಸುವುದರಿಂದ ಕಪ್ಪು ಹಿನ್ನೆಲೆಯ ಮುಂದೆ ತೆಳುಹೊಗೆ ನಸುನೀಲಿಯಾಗಿ ತೋರುತ್ತದೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ನಿಲ್ಲಿಸಿದ ಬೆಳಕಿನ ಕೋಲು ಇಂದಿಗೂ ಪ್ರಸಿದ್ಧ. ನಮ್ಮ ಬೆಳಕಿಂಡಿ ದಿನವೂ ತೋರಿಸುತ್ತಿದ್ದುದು ಆ ಕೋಲಿನ ದಾಯಾದಿಯನ್ನೇ.

ಇಂಥ ಚಿತ್ರವನ್ನು ಮನೆಯಲ್ಲಿಯೇ ತೆಗೆಯುವ ಬಗೆಯನ್ನು ನೋಡೋಣ. ಒಂದು ಊದುಬತ್ತಿ, ಅದನ್ನು ನೆಡಲು ಮರಳು ತುಂಬಿದ ಬಟ್ಟಲು, ಒಂದು ದೀಪ, ಒಂದು ಕರಿಕಂಬಳಿ ಇಷ್ಟೇ ಸಾಮಗ್ರಿ. ಕುರಿಯ ಉಣ್ಣೆಯ ಕರಿಕಂಬಳಿ ತನ್ನ ಮೇಲೆ ಬಿದ್ದ ಬೆಳಕನ್ನು ಬಹಳಷ್ಟು ನುಂಗಿಬಿಡುತ್ತದೆ. ಅದನ್ನು ಬತ್ತಿಯಿಂದ ಮೂರು ನಾಲ್ಕು ಅಡಿ ಹಿಂದೆ ತೂಗಹಾಕಬೇಕು. ದೀಪ ಬತ್ತಿಯ ಪಕ್ಕದಲ್ಲಿ, ತುಸು ಹಿಂದಕ್ಕೆ ಇರಲಿ. ಹಾಗಿದ್ದರೆ ಹೊಗೆ ಉಜ್ವಲವಾಗಿ ಕಾಣುತ್ತದೆ. ಆ ಬೆಳಕು ಕಂಬಳಿಯ ಮೇಲಾಗಲಿ ಕ್ಯಾಮೆರಾದ ಮಸೂರದೊಳಕ್ಕಾಗಲಿ ಬೀಳದಂತೆ ರಟ್ಟಿನ ಮರೆ ಕಟ್ಟಬೇಕು. ಎದುರಿನಿಂದ ಬೆಳಕು ಹಾಯಿಸಿದರೆ ಕಂಬಳಿಯೂ ಬೆಳಗಿ ಹೊಗೆ ಮಂಕಾಗುತ್ತದೆ.

ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಕ್ಯಾಮೆರಾವನ್ನು ಅಲುಗದಂತೆ ಇರಿಸಿ, ಬತ್ತಿಯ ತುದಿಗೆ ಫೋಕಸ್ ಹಿಡಿದು ಅದನ್ನು ಅಲ್ಲಿಯೇ ಸ್ಥಿರಗೊಳಿಸಿರಿ. ಹೊಗೆ ಚಂಚಲೆ, ಸೆಕೆಂಡಿನ 250ನೆಯ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಅವಧಿ ಬೇಕು. ಮೊಬೈಲಿನಲ್ಲಿ ತೆಗೆಯುವವರು ಇನ್ನೊಂದು ಮೊಬೈಲಿನ ಟಾರ್ಚನ್ನೇ ದೀಪವಾಗಿ ಬಳಸಬಹುದು.

ಈಗ ಹೊಗೆಯನ್ನು ನೋಡಿರಿ. ಮೊದಲ ಗೇಣು ನೂಲೆಳೆದಂತೆ ನೇರ. ಅಲ್ಲಿಂದ ಮೇಲೆ ಬಳುಕು, ಸುರುಳಿ, ಮಡಿಕೆ. ಬಿಸಿಗಾಳಿ ಮೇಲೇರುತ್ತ ವೇಗ ಪಡೆದಂತೆ ಅದರ ಶಿಸ್ತು ಮುರಿಯುತ್ತದೆ. ಶಿಸ್ತಿನ ಹರಿವು ಕ್ಷೋಭೆಗೆ ತಿರುಗುವುದನ್ನು ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ 1883ರಲ್ಲಿ ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆ ಹರಿಸಿ ತೋರಿಸಿದ. ಚಿತ್ರಕಾರನಿಗೆ ಬೇಕಾದುದು ಆ ಮುರಿಯುವ ಘಳಿಗೆಯೇ. ಹೊಗೆಯ ದಾರಿಗೆ ಒಂದು ಚಮಚ ಅಡ್ಡ ಹಿಡಿದರೆ ಅದು ಇಬ್ಬಾಗವಾಗಿ ಹೊಸ ರೂಪ ತಳೆಯುತ್ತದೆ. ಐವತ್ತು ಚಿತ್ರಗಳಲ್ಲಿ ಒಂದೆರಡು ನಿಂತರೆ ಅದೇ ಲಾಭ. ಕಪ್ಪು ಬಿಳುಪುಗಳನ್ನು ಅದಲುಬದಲು ಮಾಡಿದರೆ ಬಿಳಿಯ ಹಾಳೆಯ ಮೇಲೆ ಮಸಿ ಹರಿದಂತಹ ಚಿತ್ರವೂ ದೊರೆಯುತ್ತದೆ.

ಆದರೆ ಹತ್ತಾರು ಚಿತ್ರಗಳಾಗುವಷ್ಟರಲ್ಲಿ ಕೋಣೆಯೆಲ್ಲ ಹೊಗೆ ತುಂಬಿ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ, ಗಂಟಲು ಕೆರೆಯುತ್ತದೆ. ಆಗ ಬತ್ತಿಯನ್ನು ಮರಳಿಗೊತ್ತಿ ನಂದಿಸಿ, ಕಿಟಕಿ ತೆರೆದು, ಗಾಳಿ ತಿಳಿಯಾದ ಮೇಲೆಯೇ ಮುಂದುವರಿಯಬೇಕು. ಕೂಸುಗಳನ್ನೂ ಉಬ್ಬಸವುಳ್ಳವರನ್ನೂ ಆ ಕೋಣೆಗೆ ಬಿಡಬಾರದು.

ಈ ಕೆರೆತ ನಮಗೊಂದು ಪಾಠವೂ ಹೌದು. ಹೊಗೆ ತುಂಬಿದ ಅಡುಗೆಮನೆ, ಬಿಸಿಲಕೋಲು, ಒಲೆಯ ಮುಂದೆ ಊದುಗೊಳವೆ ಹಿಡಿದ ಅಜ್ಜಿ ಇಂಥ ಚಿತ್ರಗಳನ್ನು ಪ್ರದರ್ಶನಗಳಲ್ಲಿ ಕಂಡು ನಾವೆಲ್ಲ ತಲೆದೂಗಿದ್ದೇವೆ. ಆ ಚೆಲುವಿಗೆ ಬೆಲೆ ತೆತ್ತದ್ದು ಅಜ್ಜಿಯ ಕಣ್ಣು, ಅಜ್ಜಿಯ ಶ್ವಾಸ. ನಾವು ಅರ್ಧ ಗಂಟೆ ತಾಳಲಾರದ್ದನ್ನು ಆಕೆ ಎರಡು ಹೊತ್ತು, ಆಯುಷ್ಯವಿಡೀ ತಾಳಿದಳು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿಯ ಅನೇಕ ಮನೆಗಳಿಗೆ ಗ್ಯಾಸಿನ ಒಲೆ ಬಂದಿದೆ. ಸಿಲಿಂಡರಿನ ಬೆಲೆಗೆ ಅಂಜಿ ಸೌದೆಯನ್ನೂ ಉರಿಸುವವರು ಇನ್ನೂ ಇದ್ದಾರೆ.

ಅಡುಗೆಮನೆಯಿಂದ ಬಿಸಿಲಕೋಲು ಮರೆಯಾದರೆ ಛಾಯಾಚಿತ್ರಕಲೆ ಬಡವಾಗದು. ನಮಗೆ ಬೇಕಾದ ಹೊಗೆಯನ್ನು ನಾವೇ ಹೊತ್ತಿಸಿಕೊಳ್ಳಬಹುದು, ಸಾಕೆನಿಸಿದಾಗ ನಂದಿಸಲೂಬಹುದು. ಅಜ್ಜಿಗೆ ಆ ಅನುಕೂಲವಿರಲಿಲ್ಲ. ಒಂದು ಊದುಬತ್ತಿಯ ಎಳೆಹೊಗೆಯಲ್ಲಿ ರೂಪ ಅರಸುವಾಗ ಇದೊಂದು ಮಾತು ನೆನಪಿನಲ್ಲಿದ್ದರೆ ಸಾಕು.