ಆಮಶಂಕೆ: ಹಿಂದಿನವರ ಸಂಕಟ, ಇಂದಿನವರ ಎಚ್ಚರ

ಆಯುರ್ವೇದವು ‘ಪ್ರವಾಹಿಕಾ’ ಎಂದು ಕರೆಯುವ ವ್ಯಾಧಿಯೇ ಆಡುಮಾತಿನ ಆಮಶಂಕೆ. ಹೊಟ್ಟೆ ನುಲಿಯುತ್ತದೆ, ಎಷ್ಟು ಮುಕ್ಕಿದರೂ ಸ್ವಲ್ಪವೇ ಲೋಳೆ ಹೋಗುತ್ತದೆ. ರಕ್ತವೂ ಬಿದ್ದರೆ ಅದು ರಕ್ತಭೇದಿ. ಇಂದು ಸಕಾಲದ ಚಿಕಿತ್ಸೆಯಿಂದ ಗುಣವಾಗುವ ಈ ರೋಗವು ಹಿಂದೆ ಮನೆಮನೆಗಳನ್ನೇ ಬರಿದು ಮಾಡುತ್ತಿತ್ತು.

1876–78ರ ಮಹಾಕ್ಷಾಮವನ್ನು ನೆನೆಯೋಣ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಡಿದವರೆಲ್ಲರೂ ಕೇವಲ ಹಸಿವಿನಿಂದ ಮಡಿಯಲಿಲ್ಲ. ಸೊಪ್ಪು, ಗೆಡ್ಡೆ ತಿಂದು ಬಡವಾದ ದೇಹಗಳನ್ನು ಭೇದಿ, ಆಮಶಂಕೆ, ಕಾಲರಾಗಳು ಸುಲಭವಾಗಿ ಬಲಿ ತೆಗೆದುಕೊಂಡವು.

ರೋಗದ ಮೂಲ ಮಲಿನಗೊಂಡ ನೀರು, ಆಹಾರ ಮತ್ತು ಕೈಗಳು. ದನ ತೊಳೆಯುವ, ಬಟ್ಟೆ ಒಗೆಯುವ ಕೆರೆಯ ನೀರನ್ನೇ ಕುಡಿಯುವುದು ಅಂದು ಅನಿವಾರ್ಯವಾಗಿತ್ತು. 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ನಮ್ಮ ಹೆಸರಘಟ್ಟ ಕೆರೆಯ ನೀರು ಬೆಂಗಳೂರು ನಗರಕ್ಕೆ ಕೊಳವೆಗಳಲ್ಲಿ ಹರಿಯಿತು. ಆದರೆ ಸುತ್ತಲಿನ ಹಳ್ಳಿಗಳಿಗೆ ಬಹುಕಾಲ ಕೆರೆ ಬಾವಿಗಳೇ ಗತಿಯಾಗಿದ್ದವು. ಅದೇ ದಶಕದಲ್ಲಿ ಜಪಾನಿನ ಕಿಯೋಶಿ ಶಿಗಾ ಅವರು ರಕ್ತಭೇದಿಯ ಸೂಕ್ಷ್ಮಾಣುವನ್ನು ಗುರುತಿಸಿದರು. ಇನ್ನೊಂದು ಬಗೆಯ ಆಮಶಂಕೆಗೆ ಅಮೀಬಾ ಎಂಬ ಜೀವಿ ಕಾರಣ. ಅದು ಯಕೃತ್ತನ್ನು ಸೇರಿ ಕೀವುಗಟ್ಟಿಸುವುದೂ ಉಂಟು.

ರೋಗಕ್ಕಿಂತ ಒಂದು ತಪ್ಪು ನಂಬಿಕೆಯೂ ಅನೇಕರನ್ನು ಕೊಂದಿತು. ನನ್ನ ತಾಯಿಯವರ ತಮ್ಮನೊಬ್ಬ ಎರಡು ವರ್ಷದ ಕೂಸಾಗಿದ್ದಾಗ ಭೇದಿಯಿಂದ ತೀರಿಕೊಂಡನಂತೆ. ‘ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ’ ಎಂದು ಹಿರಿಯರು ನೀರನ್ನೇ ನಿಲ್ಲಿಸಿದ್ದರು. ಮಗು ಕೊನೆಯವರೆಗೂ ನೀರು ಕೇಳಿತೆಂದು ನನ್ನ ತಾಯಿ ಹೇಳುತ್ತಿದ್ದರು. ಇದು ಶಾಸ್ತ್ರದ ಮಾತಲ್ಲ. ಚರಕಾಚಾರ್ಯರು ಅತಿಸಾರದ ರೋಗಿಗೆ ಭದ್ರಮುಷ್ಟಿ ಮತ್ತು ಪರ್ಪಾಟಕಗಳನ್ನು ಹಾಕಿ ಕಾಯಿಸಿದ ನೀರನ್ನು ಕೊಡಲು ಹೇಳಿದ್ದಾರೆ. ಆಮವಿರುವಾಗಲೇ ಭೇದಿಯನ್ನು ಕಟ್ಟಿಬಿಡಬಾರದೆಂದೂ ಎಚ್ಚರಿಸಿದ್ದಾರೆ.

ಆದ್ದರಿಂದ ಸದ್ಭಕ್ತರು ಭೇದಿಯಾದೊಡನೆ ಓ.ಆರ್.ಎಸ್. ಕೊಡಬೇಕು. ಅದು ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಸಮ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಬೆರೆಸಿ, ಗುಟುಕು ಗುಟುಕಾಗಿ ಕುಡಿಸಬೇಕು. ಎದೆಹಾಲನ್ನು ನಿಲ್ಲಿಸಬಾರದು. ಕುಟಜದ ತೊಗಟೆ, ಎಳೆಯ ಬಿಲ್ವಕಾಯಿಗಳು ಉತ್ತಮ ಔಷಧಗಳೇ. ಆದರೆ ವೈದ್ಯರ ಸಲಹೆಯಿಂದಲೇ ಬಳಸಬೇಕು. ರಕ್ತ, ಜ್ವರ, ಮೂತ್ರ ಕಡಿಮೆಯಾಗುವುದು ಅಥವಾ ಮಗು ಮಂಕಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ದಾಸೋಹದಲ್ಲಿ ಬಡಿಸುವವರೂ ಉಣ್ಣುವವರೂ ಸಾಬೂನಿನಿಂದ ಕೈ ತೊಳೆಯಲಿ. ಅನ್ನದಷ್ಟೇ ಶುದ್ಧವಾದ ನೀರನ್ನು ನೀಡುವುದೂ ಸೇವೆಯೇ.