ಕಂಸನಾದ ನಾಗರತ್ನಮ್ಮ

ಕಂಪನಿ ನಾಟಕಗಳಲ್ಲಿ ಗಂಡಸರೇ ಸೀರೆಯುಟ್ಟು ದ್ರೌಪದಿಯಾಗುತ್ತಿದ್ದ ಕಾಲವೊಂದಿತ್ತು. ಮೈಸೂರಿನ ಆರ್. ನಾಗರತ್ನಮ್ಮನವರು ಆ ಪದ್ಧತಿಯನ್ನೇ ತಿರುಗುಮುರುಗು ಮಾಡಿದರು. 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಸಕಲ ಪಾತ್ರಗಳನ್ನೂ ಹೆಂಗಸರಿಗೇ ವಹಿಸಿ, ತಾವು ಕಂಸರಾಗಿ, ರಾವಣರಾಗಿ, ಭೀಮರಾಗಿ ರಂಗದ ಮೇಲೆ ಗರ್ಜಿಸಿದರು. ವಿಚಿತ್ರವೆಂದರೆ, ಅದೇ ವರ್ಷ ಆಫ್ರಿಕಾದ ಘಾನಾ ದೇಶದಲ್ಲಿ ಎಫುವಾ ಸದರ್ಲೆಂಡ್ ಎಂಬ ನಾಟಕಕರ್ತೆಯೂ ಹೊಸ ರಂಗತಂಡವೊಂದನ್ನು ಸ್ಥಾಪಿಸಿದರು.

ನಟಿಯೆಂದರೆ ಮೂಗು ಮುರಿಯುತ್ತಿದ್ದ ಸಮಾಜದಲ್ಲಿ, ಬಣ್ಣ ಹಚ್ಚಿಯೇ ಮರ್ಯಾದೆಯ ಅನ್ನ ಸಂಪಾದಿಸಲು ಹೆಂಗಸರಿಗೆ ಈ ಮಂಡಳಿಯೊಂದು ದಾರಿಯಾಯಿತು. ಹೈದರಾಬಾದಿನ ಹೋಟೆಲುಗಳಲ್ಲಿ, ಕಚೇರಿಗಳಲ್ಲಿ ದುಡಿದುಣ್ಣುವ ನಮಗೆ ಅಂಥ ಅನ್ನದ ಬೆಲೆ ತಿಳಿಯದೆ? ಸರ್ಕಾರವು ಅವರಿಗೆ ಪದ್ಮಶ್ರೀ ಇತ್ತದ್ದು 2012ರಲ್ಲಿ, ಬಹು ತಡವಾಗಿ. ಅದೇ ವರ್ಷ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.